ಗಾಡಿಖಾನೆ ನೋಡಿ ಮನೆ ಕೊಂಡ ಬೆಲ್ಲದ ವ್ಯಾಪಾರಿ

"ಗುರುಗಳೇ, ಒಂದು ಹಳೆಯ ಮನೆ ಮಾರಾಟಕ್ಕಿದೆ. ರಿಪೇರಿ ಬಹಳ ಇದೆ. ಆದರೆ ಪಕ್ಕದಲ್ಲಿ ಗಾಡಿ ನಿಲ್ಲಿಸಲು ದೊಡ್ಡ ದೊಡ್ಡ ಶೆಡ್ಡುಗಳಿವೆ. ಕೊಳ್ಳುವ ಮೊದಲು ರಿಪೇರಿಯ ಖರ್ಚನ್ನು ಹೇಗೆ ತೂಗಿ ನೋಡಬೇಕು?"

ಹೀಗೆ ಕೇಳಿದವನು ಶಂಭುಲಿಂಗ. ಸೋಮವಾರ ತಪ್ಪದೆ ಮಠಕ್ಕೆ ಬರುವ ಗೃಹಸ್ಥ ಶಿಷ್ಯ. ಬಾಡಿಗೆಗೆ ಟೆಂಪೋ ಓಡಿಸಿ ಸಂಸಾರ ಸಾಗಿಸುವವನು. ಗುರುಗಳ ಪಾದಕ್ಕೆ ಬಾಗಿದಾಗ ಅವನ ಸೊಂಟದ ಬಳಿ ಏನೋ ಕಿಣಿ ಕಿಣಿ ಎಂದಿತ್ತು. ಅಂಗಿಯನ್ನು ಕೆಳಗೆ ಎಳೆದುಕೊಂಡು ಕೂತಿದ್ದ. ಪ್ರಶ್ನೆ ಕೇಳಿ ಮುಗಿಸಿದ ಮೇಲೆ ಶೆಡ್ಡಿನ ವರ್ಣನೆ ಶುರುವಾಯಿತು. ಎಷ್ಟು ಎತ್ತರ, ಎಷ್ಟು ಅಗಲ, ಬಾಗಿಲು ಎಂಥದ್ದು, ಬೆಳಗಿನ ಬಿಸಿಲು ಯಾವ ಮೂಲೆಗೆ ಬೀಳುತ್ತದೆ, ಎಲ್ಲವನ್ನೂ ಹೇಳಿದ. ಮನೆಯಲ್ಲಿ ಎಷ್ಟು ಕೋಣೆ ಎಂದು ಗುರುಗಳು ಕೇಳಿದಾಗ ಮಠದ ತೊಲೆ ನೋಡಿ, ಇರಬೇಕಾದಷ್ಟು ಇವೆ ಎಂದ. ಮನೆಯಾಕೆ ನೋಡಿದಳೇ ಎಂದು ಕೇಳಿದ್ದಕ್ಕೆ, ಇನ್ನು ತೋರಿಸಬೇಕು ಎಂದ.

ಗುರುಗಳು ಕಾಲು ಮಡಚಿ ಸರಿಯಾಗಿ ಕೂತರು. ಹಾಗೆ ಕೂತರೆ ಅವರು ಕತೆ ಹೇಳುತ್ತಾರೆಂದು ಮಠದ ಬೆಕ್ಕಿಗೂ ಗೊತ್ತಿತ್ತು. ಅದು ಎದ್ದು ಮೈಮುರಿದು ಹೊರಗೆ ಹೋಯಿತು. ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಒಳ್ಳೆಯ ಮನುಷ್ಯ. ಗಿರಾಕಿಗೆ ತೂಗುವಾಗ ತಕ್ಕಡಿಯ ಹತ್ತಿರ ಉಸಿರನ್ನೂ ಬಿಡುತ್ತಿರಲಿಲ್ಲ, ತಟ್ಟೆ ಅಲುಗೀತು ಎಂದು. ಬೆಲ್ಲ ಕೊಳ್ಳುವುದರಲ್ಲಂತೂ ಅವನ ಕಣ್ಣಿಗೆ ಮಣ್ಣೆರಚುವವರು ಸುತ್ತ ಯಾರೂ ಇರಲಿಲ್ಲ. ಆಲೆಮನೆಯವರು ಮೇಲೆ ಬಂಗಾರದ ಹಾಗೆ ಹೊಳೆಯುವ ಬೆಲ್ಲದ ಪೆಂಟೆಗಳನ್ನು ಸಾಲಾಗಿ ಜೋಡಿಸಿಟ್ಟಿರುತ್ತಿದ್ದರು. ಇವನು ಆ ಹೊಳಪನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಯಾವುದೋ ಒಂದು ಪೆಂಟೆಯನ್ನು ನಡುವೆ ಒಡೆಸಿ, ಅದರ ಹೊಟ್ಟೆಯೊಳಗಿನ ಚೂರು ತೆಗೆದು ನಾಲಿಗೆಗೆ ಹಚ್ಚಿ ಕಣ್ಣು ಮುಚ್ಚುತ್ತಿದ್ದ. ಒಂದೆಳೆ ಉಪ್ಪು ತಾಗಿತೋ, ಟವೆಲ್ ಕೊಡವಿ ಎದ್ದುಬಿಡುತ್ತಿದ್ದ. ಆಮೇಲೆ ಅವರು ಎಷ್ಟು ಕೈಕಾಲು ಹಿಡಿದರೂ ಅಷ್ಟೇ.

ಇಂಥವನಿಗೆ ಒಂದೇ ಒಂದು ಹುಚ್ಚು ಇತ್ತು. ಅದು ಅವನ ಗಾಡಿಗಳದ್ದು. ಎತ್ತಿನ ಗಾಡಿಗಳು ಮೂರಿದ್ದವು. ಮೂರಕ್ಕೂ ತಾನೇ ಕೀಲೆಣ್ಣೆ ಹಾಕುತ್ತಿದ್ದ, ತನ್ನ ಹೆಗಲ ಟವೆಲಿನಿಂದಲೇ ಗಾಲಿ ಒರೆಸುತ್ತಿದ್ದ. ಅದೇ ಟವೆಲಿನಿಂದ ಮುಖ ಒರೆಸಿಕೊಂಡು ಮನೆಗೆ ಬಂದರೆ ಹೆಂಡತಿ ಗುರುತು ಹಿಡಿಯಲು ಸ್ವಲ್ಪ ತಡವಾಗುತ್ತಿತ್ತು. ಅವರಿದ್ದದ್ದು ಬಾಡಿಗೆ ಮನೆ. ಎತ್ತುಗಳಿಗೆ ಹಿತ್ತಿಲಲ್ಲಿ ಜಾಗವಿತ್ತು, ಗಾಡಿಗಳಿಗೆ ಇರಲಿಲ್ಲ. ಅವು ಓಣಿಯಲ್ಲೇ ನಿಲ್ಲುತ್ತಿದ್ದವು. ಬಿಸಿಲಿಗೆ ಗಾಲಿಯ ಮರ ಒಣಗಿ ಕಬ್ಬಿಣದ ಪಟ್ಟಿ ಸಡಿಲಾಗುತ್ತಿತ್ತು. ಮಳೆಗೆ ಹಲಗೆ ಉಬ್ಬುತ್ತಿತ್ತು. ಓಣಿಯ ಮಕ್ಕಳು ನೊಗ ಹಿಡಿದು ಜೋತಾಡುತ್ತಿದ್ದವು. ಪಕ್ಕದ ಮನೆಯ ಕೋಳಿ ಒಂದು ಗಾಡಿಯಲ್ಲಿ ಮೊಟ್ಟೆಗೆ ಕೂತು ಮರಿಯನ್ನೂ ಮಾಡಿತ್ತು. ಊಟಕ್ಕೆ ಕೂತಾಗ ಗುಡುಗಿದರೆ ವ್ಯಾಪಾರಿ ಎಂಜಲುಗೈಯಲ್ಲೇ ಗೋಣಿಚೀಲ ಎತ್ತಿಕೊಂಡು ಗಾಡಿ ಮುಚ್ಚಲು ಓಡುತ್ತಿದ್ದ. ಹೆಂಡತಿ ಅವನ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದಳು.

ಅವಳಿಗೆ ಗಾಡಿಗಳ ಮೇಲೆ ಸಿಟ್ಟೇನೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ಅಡುಗೆಮನೆ. ಒಲೆ ಹಚ್ಚಿದರೆ ಹೊಗೆ ಹೊರಗೆ ಹೋಗಬೇಕು, ಅಷ್ಟೇ ಅವಳ ಆಸೆ. ಬಾಡಿಗೆ ಮನೆಯಲ್ಲಿ ಹೊಗೆ ಒಳಗೇ ಸುತ್ತುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಅವಳು ಅಳುತ್ತಲೇ ಅಡುಗೆ ಮಾಡಿದ್ದಳು. ಹೊಸದರಲ್ಲಿ ಅತ್ತೆ ಅದನ್ನು ತವರಿನ ನೆನಪು ಎಂದು ತಿಳಿದು ಸಮಾಧಾನ ಮಾಡಿದ್ದಳಂತೆ. ಸ್ವಂತ ಮನೆಗೆಂದು ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ಗಂಟು ಕೂಡಿಟ್ಟಿದ್ದರು. ಅವನು ಬೆಲ್ಲ ಮಾರಿ, ಇವಳು ಮೊಸರು ಮಾರಿ. ಆ ಗಂಟು ಒಂದೇ ಒಂದು ಮನೆಗೆ ಸಾಲುವಂಥದ್ದು. ಒಮ್ಮೆ ಕೈಬಿಟ್ಟರೆ ಈ ಜನ್ಮದಲ್ಲಿ ಮತ್ತೆ ಕೂಡುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆಗ ಪಕ್ಕದ ಓಣಿಯಲ್ಲಿ ಒಂದು ಹಳೆಯ ಮನೆ ಮಾರಾಟಕ್ಕೆ ಬಂತು. ಅದನ್ನು ಕಟ್ಟಿಸಿದವನು ಹಿಂದಿನ ಕಾಲದ ಶ್ರೀಮಂತ, ಅವನೂ ನಮ್ಮ ವ್ಯಾಪಾರಿಯ ಹಾಗೆ ಗಾಡಿಯ ಹುಚ್ಚಿನವನೇ ಇರಬೇಕು. ಮೊದಲು ಗಾಡಿಖಾನೆ ಕಟ್ಟಿಸಿದ್ದ. ತಬ್ಬಿದರೆ ಕೈಗೆ ಕೈ ಸಿಗದಂಥ ತೇಗದ ಕಂಬ, ಕೆಳಗೆ ಕಲ್ಲು ಹಾಸು, ಹುಲ್ಲು ಹೇರಿದ ಗಾಡಿ ಹಾಗೇ ಒಳಗೆ ಬರುವಂಥ ಬಾಗಿಲು. ಅದೆಲ್ಲ ಆದ ಮೇಲೆ, ಮನುಷ್ಯರೂ ಇರಬೇಕಲ್ಲ ಎಂದು ನೆನಪಾಗಿ, ಉಳಿದ ಮರ ಉಳಿದ ಮಣ್ಣಿನಲ್ಲಿ ಮನೆ ಕಟ್ಟಿಸಿದ್ದ. ಗಾಡಿಖಾನೆಗೆ ವಯಸ್ಸೇ ಆಗಿರಲಿಲ್ಲ. ಮನೆ ಮಾತ್ರ ಮುದಿಯಾಗಿತ್ತು.

ಈಗಿನ ಯಜಮಾನ ಒಬ್ಬ ಮುದುಕ. ಸುಳ್ಳು ಹೇಳುವವನಲ್ಲ. ಆದರೆ ಯಾವ ಬಾಗಿಲನ್ನು ಮೊದಲು ತೆಗೆಯಬೇಕೆಂದು ತಿಳಿದವನು. ಅವನು ಗಾಡಿಖಾನೆಯ ಬಾಗಿಲು ತೆಗೆದ. ವ್ಯಾಪಾರಿ ಬಾಯಿ ಬಿಟ್ಟುಕೊಂಡು ನಿಂತುಬಿಟ್ಟ. ಮನಸ್ಸಿನಲ್ಲೇ ತನ್ನ ಮೂರು ಗಾಡಿಗಳನ್ನು ತಂದು ನಿಲ್ಲಿಸಿದ. ಇನ್ನೂ ಜಾಗ ಉಳಿಯಿತು. ಇನ್ನೆರಡು ನಿಲ್ಲಿಸಿದ. ಅವು ಅವನ ಹತ್ತಿರ ಇರಲಿಲ್ಲ, ಆದರೂ ನಿಲ್ಲಿಸಿದ. ಹೊರಗೆ ಜೋರು ಮಳೆ ಬರಿಸಿದ. ಒಂದು ಹನಿಯೂ ಗಾಲಿಗೆ ತಾಗಲಿಲ್ಲ. ಅವನ ಕಣ್ಣು ತುಂಬಿ ಬಂತು.

ಒಳಗೂ ಬಂದು ಮನೆ ನೋಡಿ ಎಂದು ಯಜಮಾನ ಕರೆದ. ಪಾಪ, ಎರಡು ಸಲ ಕರೆದ. ನೋಡಿದಂತೆಯೇ ಆಯಿತು ಎಂದ ವ್ಯಾಪಾರಿ. ಇನ್ಯಾರಾದರೂ ಬಂದು ಮಾತು ಮುಗಿಸಿಬಿಟ್ಟರೆ ಎಂಬ ಭಯ ಅವನಿಗೆ. ಅಲ್ಲೇ, ಆ ತೇಗದ ಕಂಬದ ಬುಡದಲ್ಲೇ, ವೀಳ್ಯದ ಮೇಲೆ ಮುಂಗಡ ಇಟ್ಟು ಮುದುಕನ ಕೈಗೆ ಕೊಟ್ಟುಬಿಟ್ಟ.

ಇಲ್ಲಿ ಶಂಭುಲಿಂಗನಿಗೆ ಕೆಮ್ಮು ಬಂತು. ಗುರುಗಳು ನೀರಿನ ತಂಬಿಗೆಯನ್ನು ಅವನತ್ತ ಸರಿಸಿ ಮುಂದುವರಿಸಿದರು.

ಅರ್ಧ ದಾರಿಯವರೆಗೆ ವ್ಯಾಪಾರಿಯ ಕಾಲು ನೆಲಕ್ಕೆ ತಾಗಲಿಲ್ಲ. ಓಣಿಯ ತಿರುವಿನಲ್ಲಿ ಹೆಂಡತಿಯ ನೆನಪಾಯಿತು. ಆಗ ತಾಗಿತು. ಏನು ಹೇಳುವುದು? ಮುಂಗಡ ಕೊಟ್ಟೆ ಎಂದರೆ ಮನೆಯಲ್ಲಿ ಮಳೆಗಾಲ ಶುರುವಾಗುತ್ತದೆ. ಅವನು ಬಹಳ ಯೋಚಿಸಿ, ಒಳಗೆ ಹೋಗಿ, ಒಂದು ಮನೆ ಇದೆಯಂತೆ ಎಂದ. ಇನ್ನೂ ಏನೂ ಗಟ್ಟಿಯಾಗಿಲ್ಲ, ಸುಮ್ಮನೆ ನೋಡಿ ಬರೋಣ, ನಿನ್ನ ಮಾತೇ ಕೊನೆಯ ಮಾತು ಎಂದ. ಮದುವೆಯಾದ ಮೇಲೆ ಅವನು ಹಾಗೆ ಅಂದದ್ದು ಅದೇ ಮೊದಲು. ಹೆಂಡತಿಗೆ ಆಗಲೇ ಅನುಮಾನ ಬಂತು.

ಅವಳು ಎರಡು ಕಟ್ಟಿಗೆ, ನಾಲ್ಕು ಸಗಣಿ ಕುಳ್ಳು, ಒಂದು ಬೆಂಕಿಪೊಟ್ಟಣ ಸೆರಗಿನಲ್ಲಿ ಇಟ್ಟುಕೊಂಡು ಹೊರಟಳು. ಇದೇಕೆ ಎಂದು ಅವನು ಕೇಳಿದ. ಅವಳು ಸೆರಗು ಬಿಗಿದುಕೊಂಡು ಮುಂದೆ ನಡೆದಳು. ಅಲ್ಲಿ ಹೋದ ಮೇಲೆ ಅವನು ಮೊದಲು ಗಾಡಿಖಾನೆ ತೋರಿಸಲು ನೋಡಿದ. ಅವಳು ಅದರ ಮುಂದೆಯೇ ಹಾದು ನೇರವಾಗಿ ಮನೆಯೊಳಗೆ ನಡೆದಳು. ಅವಳ ಹಿಂದೆ ನುಗ್ಗಿದ ವ್ಯಾಪಾರಿಯ ಹಣೆ ಬಾಗಿಲಿನ ಮೇಲಿನ ಪಟ್ಟಿಗೆ ಬಡಿಯಿತು. ಆ ಬಾಗಿಲು ಅಷ್ಟು ತಗ್ಗು ಎಂದು ಅವನಿಗೆ ಹೇಗೆ ಗೊತ್ತಿರಬೇಕು? ಅವನು ಒಳಗೆ ಕಾಲಿಟ್ಟದ್ದೇ ಆಗ. ಸೂರಾಗಿದ್ದ ಮಾಳಿಗೆಯಿಂದ ಮಣ್ಣು ಉದುರಿತು. ತೊಲೆಯಲ್ಲಿ ಗೆದ್ದಲು ಸಂಸಾರ ಹೂಡಿತ್ತು.

ಹೆಂಡತಿ ಅಡುಗೆಮನೆಯ ಒಲೆಯಲ್ಲಿ ಕುಳ್ಳು ಜೋಡಿಸಿ ಬೆಂಕಿ ಹಚ್ಚಿದಳು. ಹೊಗೆ ಎದ್ದಿತು, ಮೇಲೆ ಹೋಗಿ ದಾರಿ ಹುಡುಕಿತು, ಸಿಗದೆ ಕೆಳಗೆ ಬಂದು ಇಬ್ಬರನ್ನೂ ತಬ್ಬಿಕೊಂಡಿತು. ಇಬ್ಬರೂ ಕಣ್ಣೀರು ಸುರಿಸುತ್ತಾ ಹೊರಗೆ ಬಂದರು. ಕಟ್ಟೆಯ ಮೇಲೆ ಕೂತಿದ್ದ ಯಜಮಾನ, ಸ್ವಂತ ಮನೆಯಾಯಿತೆಂಬ ಸಂತೋಷಕ್ಕೆ ಅಳುತ್ತಿದ್ದಾರೆಂದು ತಿಳಿದು ತಾನೂ ಕಣ್ಣು ಒರೆಸಿಕೊಂಡ.

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು. "ಬೆಲ್ಲ ಕೊಳ್ಳುವಾಗ ಪೆಂಟೆ ಒಡೆಸಿ ಒಳಗಿನದನ್ನು ನಾಲಿಗೆಗೆ ಹಚ್ಚಿ ನೋಡುತ್ತೀರಿ. ಇಲ್ಲಿ ಏನು ನೋಡಿದಿರಿ?"

"ಗಾಡಿಖಾನೆ ನೋಡಿದೆ," ಎಂದ ವ್ಯಾಪಾರಿ.

"ಹಾಗಾದರೆ ಸಂಸಾರವನ್ನೂ ಅಲ್ಲೇ ಮಾಡೋಣ ಬಿಡಿ," ಎಂದು ಅವಳು ಮನೆಯ ದಾರಿ ಹಿಡಿದಳು.

ವ್ಯಾಪಾರಿಗೆ ಆ ರಾತ್ರಿ ಊಟ ಸೇರಲಿಲ್ಲ. ಮುಂಗಡ ಬಿಟ್ಟರೆ ಹೋಗುವುದು ಸ್ವಲ್ಪ, ಅದು ಅವನಿಗೂ ಗೊತ್ತಿತ್ತು. ಆದರೆ ಗಾಡಿಖಾನೆ ಬಿಡುವುದೆಂದರೆ ಕರುಳು ಕಿತ್ತ ಹಾಗಾಗುತ್ತಿತ್ತು. ರಿಪೇರಿ ಎಷ್ಟು ಹಿಡಿಯುತ್ತದೋ ನೋಡೇಬಿಡೋಣ, ನ್ಯಾಯವಾಗಿ ತೂಗೋಣ, ಯಾವ ಕಡೆ ಭಾರವೋ ಆ ಕಡೆ ಎಂದು ತೀರ್ಮಾನಿಸಿದ. ಮರುದಿನ ಗಾರೆ ಕೆಲಸದ ಗೌಂಡಿಯನ್ನೂ ಬಡಗಿಯನ್ನೂ ಕರೆದೊಯ್ದು ಮನೆ ತೋರಿಸಿದ. ಗೌಂಡಿ ಮಾಳಿಗೆ ಪೂರ್ತಿ ತೆಗೆಯಬೇಕು ಎಂದ. ತೇಪೆ ಹಾಕಿದರೆ ನಡೆಯುವುದಿಲ್ಲವೇ ಎಂದು ಇವನು ಕೇಳಿದ. ಮಳೆ ಬರದಿದ್ದರೆ ನಡೆಯುತ್ತದೆ ಎಂದ ಗೌಂಡಿ. ನಡೆಯುತ್ತದೆ ಎಂಬುದಷ್ಟನ್ನು ವ್ಯಾಪಾರಿ ಮನಸ್ಸಿನಲ್ಲಿ ಗಂಟು ಹಾಕಿಕೊಂಡ. ತೊಲೆಗಳು ನಿಲ್ಲುತ್ತವೆಯೇ ಎಂದು ಬಡಗಿಯನ್ನು ಕೇಳಿದ. ಯಾರೂ ಮುಟ್ಟದಿದ್ದರೆ ನಿಲ್ಲುತ್ತವೆ ಎಂದ ಬಡಗಿ. ನಿಲ್ಲುತ್ತವೆ ಎಂಬುದನ್ನೂ ಗಂಟು ಹಾಕಿಕೊಂಡ.

ಅಂಗಡಿಗೆ ಬಂದು ಬಾಗಿಲು ಹಾಕಿ ತಕ್ಕಡಿ ತೂಗುಹಾಕಿದ. ಅವನಿಗೆ ತೂಗುವುದೆಂದರೆ ತೂಗುವುದೇ, ಬಾಯಿಮಾತಿನ ವ್ಯವಹಾರ ಬರುತ್ತಿರಲಿಲ್ಲ. ಒಂದು ತಟ್ಟೆಯಲ್ಲಿ ಗಾಡಿಖಾನೆಯ ಹೆಸರಿನಲ್ಲಿ ಒಂದು ಇಡೀ ಬೆಲ್ಲದ ಪೆಂಟೆ ಇಟ್ಟ. ಇನ್ನೊಂದರಲ್ಲಿ ಒಂದೊಂದು ರಿಪೇರಿಗೆ ಒಂದೊಂದು ಬೆಲ್ಲದ ಉಂಡೆ. ಮಾಳಿಗೆಗೆ ದೊಡ್ಡದು, ತೊಲೆಗೆ ಅದಕ್ಕಿಂತ ಚಿಕ್ಕದು, ಗೋಡೆಗೆ ಒಂದು, ಬಾಗಿಲು ಎತ್ತರಿಸಲು ಒಂದು, ಅಡುಗೆಮನೆಗೆ ಒಂದು. ಅಡುಗೆಮನೆಯ ಉಂಡೆ ಇಡುವಷ್ಟರಲ್ಲಿ ರಿಪೇರಿಯ ತಟ್ಟೆ ದಡಕ್ಕನೆ ನೆಲಕ್ಕೆ ಕೂತಿತು. ಗಾಡಿಖಾನೆ ಆಕಾಶದಲ್ಲಿ ತೂಗಾಡಿತು.

ವ್ಯಾಪಾರಿ ತಕ್ಕಡಿಯನ್ನೇ ನೋಡುತ್ತಾ ಕೂತ. ಗಿರಾಕಿಗೆ ಮೋಸ ಮಾಡಲು ಅವನ ಕೈ ಎಂದೂ ಏಳುತ್ತಿರಲಿಲ್ಲ. ಆದರೆ ಇಲ್ಲಿ ಗಿರಾಕಿ ಎಲ್ಲಿದ್ದಾನೆ? ತೇಪೆ ಹಾಕಿದರೆ ನಡೆಯುತ್ತದೆ ಎಂದು ಗೌಂಡಿಯೇ ಹೇಳಿದ್ದಾನೆ, ಹಾಗಿರುವಾಗ ಮಾಳಿಗೆಗೆ ಇಷ್ಟು ದೊಡ್ಡ ಉಂಡೆ ಏಕೆ ಎಂದು ಅದರ ಅರ್ಧ ಮುರಿದ. ಮುರಿದದ್ದನ್ನು ಕೆಳಗಿಟ್ಟರೆ ಇರುವೆ ಬರುತ್ತದೆ, ಬಾಯಿಗೆ ಹಾಕಿಕೊಂಡ. ತೊಲೆಗಳು ನಿಲ್ಲುತ್ತವೆ ಎಂದು ಬಡಗಿಯ ಮಾತಿದೆ, ತೊಲೆಯ ಮುಕ್ಕಾಲು ಬಾಯಿಗೆ ಹೋಯಿತು. ಬಾಗಿಲು ತಗ್ಗಾದರೇನು, ತಲೆ ಬಗ್ಗಿಸಿದರೆ ಬಾಗಿಲು ಎತ್ತರಿಸುವ ಖರ್ಚೇ ಇಲ್ಲ, ಬಾಗಿಲನ್ನು ಪೂರ್ತಿ ತಿಂದ. ಗೋಡೆಗೆ ಸುಣ್ಣ ಬಳಿದರೆ ಸಾಕು, ಗೋಡೆಯನ್ನು ಕಚ್ಚಿದ. ಅಡುಗೆಮನೆಯ ಉಂಡೆ ಕೈಗೆತ್ತಿಕೊಂಡಾಗ ಹೆಂಡತಿಯ ಮುಖ ಕಣ್ಣೆದುರು ಬಂತು. ಅವನಿಗೆ ನಿಜವಾಗಿಯೂ ಕೆಡುಕೆನಿಸಿತು. ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡ. ಇಷ್ಟು ವರ್ಷ ಹೊಗೆ ತಡೆದವಳು ಇನ್ನೊಂದು ವರ್ಷ ತಡೆಯಲಾರಳೇ, ಮುಂದಿನ ವರ್ಷ ಮಾಡಿಸಿದರಾಯಿತು ಎಂದು ಕಣ್ಣು ಮುಚ್ಚಿಕೊಂಡು ಅದನ್ನೂ ತಿಂದ.

ಗಾಡಿಖಾನೆಯ ತಟ್ಟೆ ನಿಧಾನವಾಗಿ ಇಳಿದು ಕೆಳಗೆ ಕೂತಿತು. ನೋಡು, ತಕ್ಕಡಿಯೇ ಹೇಳುತ್ತಿದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಲೆಕ್ಕ ಸರಿಹೋಯಿತು, ಹೊಟ್ಟೆ ಕೆಟ್ಟಿತು. ಮೂರು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದ್ದು, ನಾಲ್ಕನೆಯ ದಿನ ಎದ್ದು ಹೋಗಿ ಮನೆ ಕೊಂಡ. ಹೆಂಡತಿ ಪಾತ್ರೆಗಳನ್ನು ಗಂಟು ಕಟ್ಟತೊಡಗಿದಳು. ಅವಳು ಜಗಳಾಡಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ಮನೆ ಕೆಲಸ ಮುಗಿಯುವವರೆಗೆ ಸಂಸಾರ ಗಾಡಿಖಾನೆಯಲ್ಲಿ ಇಳಿಯಿತು. ನಾಲ್ಕು ದಿನದ ಮಾತು ಎಂದ ವ್ಯಾಪಾರಿ. ಆಮೇಲೆ ಅವನು ತಿಂದಿದ್ದ ಬೆಲ್ಲವೆಲ್ಲ ಒಂದೊಂದಾಗಿ ಎದುರಿಗೆ ಬಂದು ನಿಂತಿತು. ಗೌಂಡಿ ತೇಪೆ ಹಾಕಲು ಮಾಳಿಗೆಯ ಮೇಲೆ ಹತ್ತಿದ, ಮಾಳಿಗೆ ಅವನನ್ನು ಕರೆದುಕೊಂಡೇ ಕೆಳಗೆ ಇಳಿಯಿತು. ಮನುಷ್ಯನಿಗೆ ಏನೂ ಆಗಲಿಲ್ಲ, ಎತ್ತುಗಳಿಗೆಂದು ಒಳಗೆ ಒಟ್ಟಿದ್ದ ಹುಲ್ಲಿನ ರಾಶಿಯ ಮೇಲೆ ಬಿದ್ದಿದ್ದ. ಆದರೆ ಮಾಳಿಗೆಯ ಜೊತೆಗೆ ತೊಲೆ ಬಂತು, ತೊಲೆಯ ಜೊತೆಗೆ ಗೋಡೆ ಬಂತು. ಬಾಗಿಲು ಮಾತ್ರ ಗಟ್ಟಿಯಾಗಿ ಹಾಗೇ ನಿಂತಿತ್ತು. ಅದಕ್ಕೆ ವ್ಯಾಪಾರಿ ದಿನಕ್ಕೊಮ್ಮೆ ಹಣೆ ಬಡಿಸಿಕೊಳ್ಳುತ್ತಿದ್ದ. ಗೌಂಡಿಗೆ ಕೊಡಲು ಮೊದಲನೆಯ ಗಾಡಿ ಮಾರಿದ. ತೊಲೆಗೆಂದು ಎರಡನೆಯದನ್ನು ಮಾರಿದ. ಮೂರನೆಯದನ್ನು ಮಾತ್ರ ಸತ್ತರೂ ಮಾರುವುದಿಲ್ಲ ಎಂದು ಹಟ ಹಿಡಿದು, ಅದರ ಗಾಲಿಯನ್ನು ಟವೆಲಿನಿಂದ ಒರೆಸಿ ಒರೆಸಿ ಇಟ್ಟ. ಗೋಡೆ ಮುಗಿಸಲು ಅದೂ ಹೋಯಿತು. ಕೊಂಡವನು ಗಾಡಿ ಹೊಡೆದುಕೊಂಡು ಹೋಗುವಾಗ ಇವನು ಓಣಿಯ ಕೊನೆಯವರೆಗೆ ಹಿಂದೆ ಹಿಂದೆ ನಡೆದು, ಕೀಲೆಣ್ಣೆ ಮರೆಯಬೇಡ ಎಂದು ಹೇಳಿ ಬಂದ. ಗಾಡಿಯೇ ಇಲ್ಲದ ಮೇಲೆ ಎತ್ತುಗಳೇಕೆ ಎಂದು ಅವನ್ನೂ ಕೊಟ್ಟುಬಿಟ್ಟ.

ಕೊನೆಗೆ ಮನೆ ಎದ್ದು ನಿಂತಿತು. ಅಡುಗೆಮನೆಯೊಂದು ಬಾಕಿ. ಅದಕ್ಕೆ ಮಾರಲು ಇನ್ನೇನೂ ಉಳಿದಿರಲಿಲ್ಲ. ನಡಿ, ಒಳಗೆ ಹೋಗಿ ಇರೋಣ ಎಂದು ಅವನು ಹೆಂಡತಿಯನ್ನು ಕರೆದ. ಅವಳು ಗಾಡಿಖಾನೆಯ ದೊಡ್ಡ ಬಾಗಿಲಿನ ಹತ್ತಿರ ಒಲೆ ಹೂಡಿಕೊಂಡಿದ್ದಳು. ಹೊಗೆ ಎದ್ದದ್ದೇ ತಡ, ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ಮದುವೆಯಾದ ಮೇಲೆ ಮೊದಲ ಸಲ ಅವಳ ಕಣ್ಣು ಒಣಗಿದ್ದವು. ಅವಳ ಕಣ್ಣು ಅಷ್ಟು ದೊಡ್ಡವೆಂದು ವ್ಯಾಪಾರಿಗೂ ಆಗಲೇ ತಿಳಿದದ್ದು. ನನಗೆ ಬೇಕಾದ ಅಡುಗೆಮನೆ ಸಿಕ್ಕಿದೆ, ನಾನು ಏಳುವುದಿಲ್ಲ ಎಂದು ಅವಳು ರೊಟ್ಟಿ ತಟ್ಟುತ್ತಲೇ ಹೇಳಿದಳು. ಹಾಗಾಗಿ ಹೊಸದಾದ ಮನೆಯಲ್ಲಿ ಗೋಣಿಚೀಲಗಳು ವಾಸವಾದವು.

ಬೆಲ್ಲವನ್ನು ಈಗ ಬಾಡಿಗೆ ಗಾಡಿಯಲ್ಲಿ ತರಿಸಬೇಕಿತ್ತು. ಬಾಡಿಗೆ ಗಾಡಿಯವನು ಬಂದಾಗಲೆಲ್ಲ ಆ ತೇಗದ ಕಂಬಗಳನ್ನು ನೋಡಿ, ಇಂಥ ಗಾಡಿಖಾನೆ ಇರುವವರು ಒಂದು ಗಾಡಿ ಇಟ್ಟುಕೊಳ್ಳಬಾರದೇ ಎಂದು ಕೇಳುತ್ತಿದ್ದ. ವ್ಯಾಪಾರಿ ಬೆಲ್ಲ ಎಣಿಸುವಂತೆ ನಟಿಸುತ್ತಿದ್ದ.

ಒಂದು ಸಂಜೆ ಗಾಡಿಖಾನೆಯಲ್ಲಿ ಊಟಕ್ಕೆ ಕೂತಿದ್ದಾಗ ಗುಡುಗಿತು. ವ್ಯಾಪಾರಿ ಎಂಜಲುಗೈಯಲ್ಲೇ ಎದ್ದ, ಮನೆಯೊಳಗೆ ನುಗ್ಗಿ ಹಣೆ ಬಡಿಸಿಕೊಂಡು ಗೋಣಿಚೀಲ ಎತ್ತಿಕೊಂಡ, ಓಣಿಗೆ ಓಡಿದ. ಓಣಿಯಲ್ಲಿ ಮುಚ್ಚಲು ಏನೂ ಇರಲಿಲ್ಲ. ಮಳೆ ಜೋರಾಯಿತು. ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಚೀಲವನ್ನು ತನ್ನ ತಲೆಯ ಮೇಲೆ ಹಾಕಿಕೊಂಡು ವಾಪಸು ಬಂದ. ಹೆಂಡತಿ ಅವನ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಂಭುಲಿಂಗನಿಗೆ ನಗು ತಡೆಯಲಾಗಲಿಲ್ಲ. ಬೆಲ್ಲ ತಿಂದದ್ದನ್ನು ನೆನೆದು ನೆನೆದು ನಕ್ಕ. ನಗು ಮುಗಿದ ಮೇಲೆ ಅವನಿಗೆ ವ್ಯಾಪಾರಿಯ ಮೇಲೆ ಸಿಟ್ಟೂ ಬಂತು. ಎಂಥ ದಡ್ಡ ಇರಬೇಕು ಎಂದ. ಕೊಳ್ಳುವ ಮೊದಲು ಹಿರಿಯರೊಬ್ಬರ ಹತ್ತಿರ ಹೋಗಿ, ರಿಪೇರಿಯ ಖರ್ಚನ್ನು ಹೇಗೆ ತೂಗಬೇಕೆಂದು ಒಂದು ಮಾತು ಕೇಳಬಾರದಿತ್ತೇ ಎಂದ.

ಕೇಳಿದ್ದ ಎಂದರು ಗುರುಗಳು. ತನ್ನ ಗುರುವಿನ ಹತ್ತಿರವೇ ಹೋಗಿ, ಇದೇ ಮಾತು ಕೇಳಿದ್ದ.

"ಅದಕ್ಕೆ ಆ ಗುರುಗಳು ಏನು ಹೇಳಿದರು?" ಎನ್ನುತ್ತಾ ಶಂಭುಲಿಂಗ ಮುಂದಕ್ಕೆ ಬಾಗಿದ. ಅವನ ಅಂಗಿಯ ಕೆಳಗೆ ಮತ್ತೆ ಕಿಣಿ ಕಿಣಿ ಎಂದಿತು.

"ಏನು ಹೇಳುತ್ತಾರಪ್ಪ, ಕೇಳುವವನ ಸೊಂಟದಲ್ಲಿ ಆಗಲೇ ಆ ಮನೆಯ ಕೀಲಿಕೈ ಗೊಂಚಲು ಸದ್ದು ಮಾಡುತ್ತಿದ್ದರೆ?"